ಮದರಾಸಿನ ರೈಲುಮಾರ್ಗವೂ ಕನ್ನಡ ಪ್ರದೇಶಗಳೂ

ದಕ್ಷಿಣ ಭಾರತದ ಮೊದಲ ಪ್ರಯಾಣಿಕ ರೈಲು 1856ರ ಜುಲೈ 1ರಂದು ಮದರಾಸಿನ (ಇಂದಿನ ಚೆನ್ನೈ) ರಾಯಪುರಂ ನಿಲ್ದಾಣದಿಂದ ವಾಲಾಜಾ ರಸ್ತೆಯವರೆಗೆ ಸಂಚರಿಸಿತು. 1862ರಲ್ಲಿ ಈ ಮಾರ್ಗವು ಪಶ್ಚಿಮ ಕರಾವಳಿಯ ಬೇಪೂರನ್ನು ಮುಟ್ಟಿತು. 1864ರಲ್ಲಿ ಜೋಲಾರಪೇಟೆಯಿಂದ ಕವಲೊಡೆದ ಶಾಖೆಯು ಬೆಂಗಳೂರಿನ ದಂಡುಪ್ರದೇಶವನ್ನು ಸೇರಿತು. ಮಂಗಳೂರು ಈ ಜಾಲಕ್ಕೆ ಸೇರಿದುದು 1907ರಲ್ಲಿ.

ಈ ಇಸವಿಗಳನ್ನು ಒಟ್ಟಾಗಿ ಪರಿಶೀಲಿಸಿದರೆ, ಬಂದರು, ಸೈನ್ಯ, ಆಡಳಿತಗಳ ಅಗತ್ಯವೇ ಮಾರ್ಗಗಳ ದಿಕ್ಕನ್ನು ನಿರ್ಧರಿಸಿತೆಂಬುದು ಸ್ಪಷ್ಟವಾಗುತ್ತದೆ. ಭಾಷಾಪ್ರದೇಶಗಳ ಪರಿಗಣನೆ ಅಲ್ಲಿರಲಿಲ್ಲ. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದವು. 1932ರಲ್ಲಿ ಆರಂಭವಾದ ಟಾಟಾ ಅಂಚೆ ವಿಮಾನಕ್ಕೂ ಬಳ್ಳಾರಿಯು ಮುಂಬಯಿ–ಮದರಾಸುಗಳ ನಡುವಣ ತಂಗುದಾಣವಾಗಿತ್ತು.

ಮಂಗಳೂರಿನಿಂದ ಬೆಂಗಳೂರಿಗೆ ರೈಲಿನಲ್ಲೇ ಹೋಗಬಯಸಿದವರು ಕಾಸರಗೋಡು, ಷೊರನೂರು, ಪೋದನೂರುಗಳನ್ನು ಹಾದು ಜೋಲಾರಪೇಟೆಯಲ್ಲಿ ದಿಕ್ಕು ಬದಲಿಸಬೇಕಾಗಿತ್ತು. ಘಟ್ಟದ ರಸ್ತೆಗಳು ಇದ್ದವಾದರೂ, ರೈಲಿನ ಮಟ್ಟಿಗೆ ಕರಾವಳಿಯ ಮುಖ ಮದರಾಸಿನ ಕಡೆಗೇ ಇದ್ದಿತು. 1956ರಲ್ಲಿ ರಾಜ್ಯದ ಏಕೀಕರಣವಾಯಿತು. ಹಾಸನ–ಮಂಗಳೂರು ಮಾರ್ಗವು ಪೂರ್ಣಗೊಂಡುದು 1979ರಲ್ಲಿ. ನಕ್ಷೆಯಲ್ಲಿ ಒಂದಾದ ಕರಾವಳಿಯೂ ರಾಜಧಾನಿಯೂ ಹಳಿಯ ಮೇಲೆ ನೇರವಾಗಿ ಕೂಡಲು ಇನ್ನೂ 23 ವರ್ಷ ಬೇಕಾಯಿತು.

ಆದರೆ ಮದರಾಸಿನ ಕಡೆಗಿನ ಈ ಒಲವನ್ನು ಕೇವಲ ನಷ್ಟವೆಂದು ಎಣಿಸುವಂತಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಮದರಾಸಿನಲ್ಲಿ ವ್ಯಾಸಂಗ ಮಾಡಿದವರು. ಮದರಾಸು ವಿಶ್ವವಿದ್ಯಾನಿಲಯವು ಕನ್ನಡ ಸಂಶೋಧನೆಗೂ ಗ್ರಂಥಸಂಪಾದನೆಗೂ ನೆಲೆಯಾಯಿತು. ಈ ನಗರದ ಕನ್ನಡ ವಿದ್ವತ್ತಿನ ಚರಿತ್ರೆಯನ್ನು ಬರೆಯುವವರು ಹಸ್ತಪ್ರತಿಗಳೊಡನೆ ಹಳೆಯ ರೈಲ್ವೆ ವೇಳಾಪಟ್ಟಿಗಳನ್ನೂ ಓದಬೇಕಾಗುತ್ತದೆ.