ಗಳೆ

ಸೊರಬದಿಂದ ಬಡಗಣಕ್ಕೆ ಸಾಗಿ ಹಾನಗಲ್ಲಿನ ಸೀಮೆಯನ್ನು ಹೊಕ್ಕರೆ, ಉಳುವುದೆಂಬ ಮಾತಿಗೆ ಪ್ರತಿಯಾಗಿ ಗಳೆ ಹೊಡೆಯುವುದೆಂಬ ಮಾತು ಕಿವಿಗೆ ಬೀಳುತ್ತದೆ. ಹಳಗನ್ನಡದವರು ೞಕಾರವಿಟ್ಟು ಗೞೆಯೆಂದು ಬರೆದ ಈ ಪದಕ್ಕೆ ಬಿದಿರ ಕೋಲೆಂಬುದೇ ಮೂಲಾರ್ಥವಾಗಿದ್ದರೂ, ನೆಲವನ್ನು ಸೀಳುವ ನೇಗಿಲೂ ನೆಲವನ್ನು ಅಳೆಯುವ ದಂಡವೂ ಇದೊಂದೇ ಹೆಸರಿನಿಂದ ಕರೆಯಿಸಿಕೊಂಡುವೆಂಬುದು ನನಗೆ ಬಹುಕಾಲದಿಂದ ಪ್ರಿಯವಾದ ಸಂಗತಿ.

ಬನವಾಸಿ ಹನ್ನೆರಡು ಸಾವಿರ ನಾಡನ್ನಾಳುತ್ತಿದ್ದ ಚಾವುಂಡರಾಯರಸನು 1047ರಲ್ಲಿ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ, ಜಗದೇಕಮಲ್ಲೇಶ್ವರನ ಸಮ್ಮುಖದಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭವು ಇಂದಿಗೂ ನಿಂತಿದೆ. ಆ ಕಾಲದ ಶಾಸನವು ದತ್ತಿಯ ಭೂಮಿಯನ್ನು ಭೇರುಂಡ ಗಳೆಯಿಂದ ಅಳೆದು ಕೊಟ್ಟಂತೆ ಹೇಳುತ್ತದೆ. ಆಗಿನ ಭೂಮಾನವಾದ ಮತ್ತರಿನ ಲೆಕ್ಕದಲ್ಲಿ ಇಷ್ಟು ಮತ್ತರು ಎಂದಷ್ಟೇ ಬರೆದರೆ ಸಾಲದಾಗಿತ್ತು. ಗಳೆಯ ಉದ್ದವು ಎಡೆಯಿಂದೆಡೆಗೆ ಭಿನ್ನವಾಗಿದ್ದುದರಿಂದ, ಯಾವ ಗಳೆಯ ಮತ್ತರೆಂಬುದನ್ನು ಕಲ್ಲಿನಲ್ಲಿ ಕಂಡರಿಸಿದ ಮೇಲಲ್ಲದೆ ದಾನಿಯ ವಚನಕ್ಕಾಗಲಿ ಪ್ರತಿಗ್ರಹಿಯ ಸ್ವಾಮ್ಯಕ್ಕಾಗಲಿ ಭದ್ರತೆಯಿರಲಿಲ್ಲ. ಅಳತೆಯ ಹೆಸರು ಎಲ್ಲರ ಕಣ್ಣೆದುರು ನೆಟ್ಟ ಕಲ್ಲಿನ ಮೇಲಿರಬೇಕೆಂಬ ಆ ವಿವೇಕವನ್ನು ನಾನು ಬಳ್ಳಿಗಾವಿಯ ಶಿಲ್ಪಗಳಿಗಿಂತಲೂ ಮಿಗಿಲಾಗಿ ಗೌರವಿಸುತ್ತೇನೆ.

ಗದ್ದೆಗಳಿಗೆ ಬೀಜವರಿಯೆಂಬ ಇನ್ನೊಂದು ಗಣನೆಯೂ ಇತ್ತು: ಒಂದು ಖಂಡುಗ ಬೀಜ ಹಿಡಿಯುವಷ್ಟು ನೆಲವೇ ಖಂಡುಗದ ಗದ್ದೆ. ಮಣ್ಣಿನ ಸಾರವನ್ನೂ ನೀರಿನ ನಿಲವನ್ನೂ ತನ್ನೊಳಗೇ ಹಿಡಿದಿದ್ದ ಈ ಲೆಕ್ಕ ಮಲೆನಾಡಿಗೆ ಒಪ್ಪುವಂಥದು. ಆದರೆ ಖಂಡುಗವೆಂದರೆ ಇಪ್ಪತ್ತು ಕೊಳಗ. ಗಳೆಯು ಕಲ್ಲಿಗೆ ಕಟ್ಟುಬಿದ್ದಿದ್ದರೆ, ಕೊಳಗವು ಒಡೆಯನ ಮನೆಯೊಳಗಿರುತ್ತಿತ್ತು. ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದುದಕ್ಕೆ, ಗೇಣಿಯ ಬತ್ತವನ್ನಳೆಯುವ ಆ ಕೊಳಗದ ಗಾತ್ರವೇ ಒಂದು ಮುಖ್ಯ ಕಾರಣವಾಗಿತ್ತು. ಒಂದು ಪಾತ್ರೆಯ ಸುತ್ತಳತೆಯಲ್ಲಿ ಒಂದು ಮನೆಯ ವರ್ಷದ ಅನ್ನ ಅಡಗಿರುತ್ತದೆಂಬುದನ್ನು ಆ ರೈತರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಆರಂಭವಾದ ರೆವಿನ್ಯೂ ಸರ್ವೆಯು ಇವೆಲ್ಲಕ್ಕೂ ಬದಲಾಗಿ 33 ಅಡಿಯ ಸರಪಳಿಯನ್ನು ತಂದಿತ್ತು. ಅದರ ಚೌಕವೊಂದು ಗುಂಟೆ, 40 ಗುಂಟೆ ಒಂದು ಎಕರೆ. ಮಣ್ಣಿನ ಗುಣವನ್ನರಿಯದ ಅಳತೆಯಿದು, ಆದರೆ ಯಾರ ಮನೆಯೊಳಗೂ ಹಿಗ್ಗದು, ಕುಗ್ಗದು. ಗೇಣಿಯ ಭೂಮಿಗಳು 1974ರ ಮಾರ್ಚ್ 1ರಂದು ಸರ್ಕಾರದಲ್ಲಿ ನಿಹಿತವಾಗಿ, ಉಳುವವನೇ ಒಡೆಯನಾಗುವ ಕಾಲ ಬಂದಾಗ, ಪಹಣಿಯಲ್ಲಿ ಅವನ ಹೆಸರಿನ ಜೊತೆಗೆ ಕುಳಿತುದು ಈ ಗುಂಟೆಯೇ. ಮತ್ತರನ್ನಳೆದ ಗಳೆ ಬಳ್ಳಿಗಾವಿಯ ಶಾಸನದಲ್ಲಿ ಉಳಿದಿದೆ. ಹಾನಗಲ್ಲಿನ ಕಡೆಯ ರೈತನು ಮೊದಲ ಮಳೆ ಬಿದ್ದ ಮಾರನೆಯ ಬೆಳಗ್ಗೆ ಹೂಡುವುದು ಇನ್ನೊಂದು ಗಳೆ.