ದೇಹದ ಪುನರುತ್ಥಾನ (ಕ್ರೈಸ್ತ ಧರ್ಮ)

ದೇಹದ ಪುನರುತ್ಥಾನ ಎಂಬುದು ಲೋಕಾಂತ್ಯದಲ್ಲಿ ಮೃತರೆಲ್ಲರೂ ತಮ್ಮ ತಮ್ಮ ದೇಹಗಳೊಡನೆ ಎಬ್ಬಿಸಲ್ಪಡುವರೆಂಬ ಕ್ರೈಸ್ತ ಸಿದ್ಧಾಂತ. ಇದು ಕೇವಲ ಆತ್ಮದ ಅಮರತ್ವದ ಕಲ್ಪನೆಯಲ್ಲ, ಪುನರ್ಜನ್ಮವಂತೂ ಅಲ್ಲ. ಪುನರ್ಜನ್ಮದಲ್ಲಿ ಜೀವವು ಹಳೆಯ ದೇಹವನ್ನು ತೊರೆದು ಹೊಸದೊಂದನ್ನು ಸೇರುತ್ತದೆ. ಇಲ್ಲಿಯಾದರೋ ಸತ್ತ ವ್ಯಕ್ತಿಯ ದೇಹವೇ ಮಾರ್ಪಾಟು ಹೊಂದಿ ಮತ್ತೆ ಬದುಕುತ್ತದೆ. ಕ್ರೈಸ್ತ ಧರ್ಮವು ದೇಹವನ್ನು ಪಾಪದ ಮೂಲವೆಂದು ಹಳಿಯುತ್ತದೆ ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ಸನ್ಯಾಸಿಗಳ ಕಠೋರ ಉಪವಾಸ, ದೇಹದಂಡನೆಗಳು ಆ ಅಭಿಪ್ರಾಯಕ್ಕೆ ಇಂಬು ಕೊಟ್ಟಿವೆ. ಆದರೆ ಮೂಲ ಸಿದ್ಧಾಂತದ ಪ್ರಕಾರ ಪಾಪ ಮಾಡುವವನೂ ಉದ್ಧಾರ ಹೊಂದುವವನೂ ದೇಹ ಆತ್ಮಗಳೆರಡೂ ಕೂಡಿದ ಇಡಿಯ ಮನುಷ್ಯನೇ.

ಯೆಹೂದ್ಯ ಹಿನ್ನೆಲೆ

ಈ ನಂಬಿಕೆ ಕ್ರೈಸ್ತರಿಗಿಂತ ಹಿಂದಿನದು. ಹಳೆಯ ಒಡಂಬಡಿಕೆಯ ದಾನಿಯೇಲನ ಗ್ರಂಥದ 12ನೆಯ ಅಧ್ಯಾಯದಲ್ಲಿ ಇದರ ಸ್ಪಷ್ಟ ರೂಪವಿದೆ. ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ಹಂದಿಯ ಮಾಂಸ ತಿನ್ನಲೊಪ್ಪದೆ ರಾಜನಿಂದ ಚಿತ್ರಹಿಂಸೆಗೊಳಗಾದ ಏಳು ಸಹೋದರರ ಕಥೆ ಬರುತ್ತದೆ. ಅವರಲ್ಲಿ ಮೂರನೆಯವನು ನಾಲಿಗೆಯನ್ನೂ ಕೈಗಳನ್ನೂ ತಾನಾಗಿಯೇ ಮುಂದೆ ಚಾಚಿ, ಇವನ್ನು ಕೊಟ್ಟ ದೇವರಿಂದಲೇ ಇವನ್ನು ಮರಳಿ ಪಡೆಯುವೆನೆಂಬ ಭರವಸೆಯನ್ನು ವ್ಯಕ್ತಪಡಿಸುತ್ತಾನೆ. ನ್ಯಾಯಕ್ಕಾಗಿ ಕಳೆದುಕೊಂಡ ಅಂಗಗಳು ಮರಳದಿದ್ದರೆ ದೇವರ ನ್ಯಾಯ ಪೂರ್ಣವಾಗದು ಎಂಬುದು ಇದರ ಹಿಂದಿನ ಭಾವ. ಯೇಸುವಿನ ಕಾಲದಲ್ಲಿ ಫರಿಸಾಯರು ಪುನರುತ್ಥಾನವನ್ನು ಒಪ್ಪಿದ್ದರು, ಸದ್ದುಕಾಯರು ನಿರಾಕರಿಸಿದ್ದರು.

ಪೌಲನ ಬೋಧನೆ

ಅಪೊಸ್ತಲ ಪೌಲನ ಪತ್ರಗಳ ಗ್ರೀಕ್ ಮೂಲದಲ್ಲಿ ಎರಡು ಪದಗಳಿವೆ. ‘ಸೋಮಾ’ ಎಂದರೆ ದೇಹ. ‘ಸಾರ್ಕ್ಸ್’ ಎಂದರೆ ಅಕ್ಷರಾರ್ಥದಲ್ಲಿ ಮಾಂಸ. ಪಾಪದ ಪ್ರಸ್ತಾಪ ಬಂದಾಗ ಪೌಲನು ಹೆಚ್ಚಾಗಿ ಬಳಸುವುದು ಎರಡನೆಯದನ್ನು. ಅದರ ಅರ್ಥ ಚರ್ಮ ಮೂಳೆಗಳ ಒಡಲಲ್ಲ, ದೇವರಿಗೆ ವಿಮುಖವಾದ ಮಾನವ ಪ್ರವೃತ್ತಿ. ಗಲಾತ್ಯದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ಅವನು ಕೊಡುವ ‘ಸಾರ್ಕ್ಸ್’ನ ಕೃತ್ಯಗಳ ಪಟ್ಟಿಯಲ್ಲಿ ಜಾರತ್ವ, ಕುಡಿತಗಳ ಜೊತೆಗೆ ವಿಗ್ರಹಾರಾಧನೆ, ಹಗೆತನ, ಹೊಟ್ಟೆಕಿಚ್ಚು, ಪಕ್ಷಭೇದಗಳೂ ಸೇರಿವೆ. ಹೊಟ್ಟೆಕಿಚ್ಚು ದೇಹದ ಕೆಲಸವಲ್ಲವೆಂಬುದು ಯಾರಿಗೂ ತಿಳಿದದ್ದೇ. ಕನ್ನಡ ಬೈಬಲಿನ ಹಳೆಯ ಭಾಷಾಂತರಕಾರರು ಇಲ್ಲಿ ಬರಿದೆ ‘ಶರೀರ’ ಎನ್ನದೆ ‘ಶರೀರಭಾವ’ ಎಂದಿರುವುದು ಮೂಲದ ಆಶಯವನ್ನು ಚೆನ್ನಾಗಿ ಹಿಡಿದಿದೆ.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯ ಈ ಸಿದ್ಧಾಂತದ ಮುಖ್ಯ ಆಧಾರ. ಬಿತ್ತಿದ ಕಾಳಿಗೂ ಅದರಿಂದ ಮೊಳೆತ ಪೈರಿಗೂ ಇರುವ ಸಂಬಂಧವೇ ಸತ್ತ ದೇಹಕ್ಕೂ ಎದ್ದುಬರುವ ದೇಹಕ್ಕೂ ಇದೆ ಎನ್ನುತ್ತಾನೆ ಪೌಲ. ಎರಡೂ ಒಂದೇ, ಆದರೂ ಒಂದೇ ಬಗೆಯವಲ್ಲ. ಸುವಾರ್ತೆಗಳಲ್ಲಿಯೂ ಇದೇ ದ್ವಂದ್ವವಿದೆ: ಎದ್ದುಬಂದ ಯೇಸು ಸುಟ್ಟ ಮೀನನ್ನು ತಿನ್ನುತ್ತಾನೆ, ಗಾಯಗಳನ್ನು ತೋರಿಸುತ್ತಾನೆ, ಆದರೆ ಬಾಗಿಲು ಮುಚ್ಚಿದ್ದರೂ ಒಳಗೆ ಬರುತ್ತಾನೆ, ಆಪ್ತರಿಗೂ ಒಡನೆ ಗುರುತು ಸಿಗುವುದಿಲ್ಲ.

ಆದಿ ಸಭೆಯಲ್ಲಿ ವಿವಾದ

ದೇಹವನ್ನು ಆತ್ಮದ ಸೆರೆಮನೆಯೆಂದು ಬಗೆಯುವುದು ಗ್ರೀಕ್ ಚಿಂತನೆಯ ಒಂದು ಪ್ರಬಲ ಧಾರೆಯಾಗಿತ್ತು. ಅಂಥವರಿಗೆ ಈ ಬೋಧನೆ ವಿಚಿತ್ರವಾಗಿಯೇ ಕಂಡಿತು. ಅಥೇನೆಯಲ್ಲಿ ಪೌಲನು ಪುನರುತ್ಥಾನವೆಂದೊಡನೆ ಕೆಲವರು ಅಪಹಾಸ್ಯ ಮಾಡಿದರೆಂದು ಅಪೊಸ್ತಲರ ಕೃತ್ಯಗಳು ತಿಳಿಸುತ್ತದೆ. ಜಡವಸ್ತುವೇ ಕೆಟ್ಟದ್ದೆಂದು ಸಾರಿದ ಜ್ಞಾನವಾದಿ ಪಂಥಗಳನ್ನು ಎರಡನೆಯ ಶತಮಾನದಲ್ಲಿ ಲಿಯೋನಿನ ಐರೇನಿಯಸನೂ, ಬಳಿಕ ಕಾರ್ಥೇಜಿನ ಟೆರ್ಟುಲಿಯನ್ನನೂ ಖಂಡಿಸಿದರು. ಲ್ಯಾಟಿನಿನ ಅಪೊಸ್ತಲರ ವಿಶ್ವಾಸಪ್ರಮಾಣದಲ್ಲಿ ‘ದೇಹ’ ಎಂಬುದಕ್ಕಿಂತಲೂ ಒರಟಾದ ‘ಮಾಂಸ’ ಎಂಬರ್ಥದ ಪದವೇ ಇದೆ.

ಇದು ಪಂಡಿತರ ವಾದವಷ್ಟೇ ಆಗಿರಲಿಲ್ಲ. ಕ್ರಿ.ಶ. 177ರಲ್ಲಿ ಲಿಯೋನಿನಲ್ಲಿ ಕೊಲ್ಲಲ್ಪಟ್ಟ ಕ್ರೈಸ್ತರ ಶವಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಸುರಿದರು; ಮತ್ತೆ ಏಳುವ ಆಸೆಯನ್ನೇ ಇಲ್ಲವಾಗಿಸುವುದು ಕೊಂದವರ ಉದ್ದೇಶವಾಗಿತ್ತೆಂದು ಇತಿಹಾಸಕಾರ ಯುಸೀಬಿಯಸನ ಗ್ರಂಥದಲ್ಲಿ ದಾಖಲಾಗಿದೆ.

ಆಗಸ್ಟೀನ್ ಮತ್ತು ನಂತರದವರು

ದೇಹವನ್ನು ಕೀಳಾಗಿ ಕಂಡ ಮಾನಿ ಪಂಥದಲ್ಲಿ ಯೌವನದ ಹಲವು ವರ್ಷಗಳನ್ನು ಕಳೆದಿದ್ದ ಆಗಸ್ಟೀನನು (354–430) ಆ ಮತವನ್ನು ತ್ಯಜಿಸಿದನು. ಅವನ ‘ದೇವನಗರ’ದ 14ನೆಯ ಸಂಪುಟದ ವಾದದಂತೆ, ನಶ್ವರ ದೇಹವು ಆತ್ಮವನ್ನು ಕೆಡಿಸಲಿಲ್ಲ, ಪಾಪಗೈದ ಆತ್ಮವೇ ದೇಹವನ್ನು ನಶ್ವರವಾಗಿಸಿತು. ಸೈತಾನನಿಗೆ ದೇಹವಿಲ್ಲ, ಗರ್ವವಿದೆ ಎಂಬುದು ಅವನ ಉದಾಹರಣೆ. ಹಾಗಿದ್ದೂ ಆದಿಪಾಪವು ಕಾಮದ ಮೂಲಕ ಸಂತಾನಕ್ಕೆ ಹರಿಯುತ್ತದೆಂಬ ಅವನದೇ ವಿಚಾರದಿಂದ ಪಶ್ಚಿಮದ ಸಭೆಯಲ್ಲಿ ದೇಹದ ಬಗೆಗಿನ ಸಂಶಯ ಶತಮಾನಗಳ ಕಾಲ ಉಳಿಯಿತು. ಪೂರ್ವದ ಆರ್ಥೊಡಾಕ್ಸ್ ಸಭೆಗಳ ಪ್ರಕಾರ ಆದಾಮನಿಂದ ಬಂದ ಬಳುವಳಿ ಮರಣವೇ ಹೊರತು ಅವನ ಅಪರಾಧವಲ್ಲ.

ಅದೇ ಗ್ರಂಥದ 22ನೆಯ ಸಂಪುಟದಲ್ಲಿ ಅವನು ವಿಚಿತ್ರವೆನಿಸುವ ಪ್ರಶ್ನೆಗಳನ್ನೂ ಕೈಬಿಡುವುದಿಲ್ಲ. ನರಭಕ್ಷಕನು ತಿಂದ ಮಾಂಸ ಯಾರದು? ಮೊದಲು ಅದು ಯಾರದಾಗಿತ್ತೋ ಅವರದೇ. ಸ್ತ್ರೀಯರು ಸ್ತ್ರೀಯರಾಗಿಯೇ ಏಳುವರು. ಅಂಗವಿಕಲತೆ ಇರದು; ಆದರೆ ಹುತಾತ್ಮರ ಗಾಯದ ಗುರುತುಗಳು ಗೌರವದ ಚಿಹ್ನೆಗಳಾಗಿ ಉಳಿಯಬಹುದು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು, ಎಲ್ಲರೂ ಈಗ ಧರಿಸಿರುವ ಸ್ವಂತ ದೇಹಗಳಲ್ಲಿಯೇ ಏಳುವರೆಂದು ವಿಧಿಸಿತು. ಅದೇ ಶತಮಾನದ ಥಾಮಸ್ ಅಕ್ವೈನಸನ ದೃಷ್ಟಿಯಲ್ಲಿ ದೇಹದಿಂದ ಬೇರ್ಪಟ್ಟ ಆತ್ಮವು ಪೂರ್ಣ ಮನುಷ್ಯನೇ ಅಲ್ಲ.

ಆಧುನಿಕ ಕಾಲ

ಶವದಹನವನ್ನು ರೋಮನ್ ಕ್ಯಾಥೊಲಿಕ್ ಸಭೆ 1886ರಲ್ಲಿ ನಿಷೇಧಿಸಿತು. ಪುನರುತ್ಥಾನದ ನಿರಾಕರಣೆ ಉದ್ದೇಶವಲ್ಲದಿದ್ದರೆ ಅಡ್ಡಿಯಿಲ್ಲವೆಂದು 1963ರಲ್ಲಿ ಸಡಿಲಿಸಿತು. 2016ರ ಸೂಚನೆಯು ಚಿತಾಭಸ್ಮವನ್ನು ಚೆಲ್ಲುವುದನ್ನು ನಿಷೇಧಿಸಿ, ಪವಿತ್ರ ಸ್ಥಳದಲ್ಲಿ ಇರಿಸುವಂತೆ ಹೇಳಿತು.

ಸ್ವತಃ ಅಂಗವಿಕಲೆಯಾಗಿದ್ದ ಅಮೆರಿಕದ ನ್ಯಾನ್ಸಿ ಐಸ್‌ಲೆಂಡ್ 1994ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚರ್ಚೆಯನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿದರು. ಅಂಗವೈಕಲ್ಯವನ್ನು ಪಾಪದ ಫಲವೆನ್ನುವ ಹಳೆಯ ರೂಢಿಯನ್ನು ಅವರು ತಿರಸ್ಕರಿಸಿದರು. ಕೈಕಾಲು ಪಕ್ಕೆಗಳ ಗಾಯಗಳನ್ನು ಹೊತ್ತೇ ಎದ್ದುಬಂದ ಕ್ರಿಸ್ತನು ಅವರಿಗೆ ಅಂಗವಿಕಲ ದೇವರಾಗಿ ಕಂಡನು. ಪರಲೋಕದಲ್ಲಿ ಎಲ್ಲ ನ್ಯೂನತೆಗಳೂ ಅಳಿಯುವುವೆಂಬ ಆಗಸ್ಟೀನನ ನಿಲುವಿಗೂ ಈ ನಿಲುವಿಗೂ ನಡುವಿನ ವಾದವನ್ನು ದೇವತಾಶಾಸ್ತ್ರಜ್ಞರು ಇಂದಿಗೂ ಮುಂದುವರಿಸಿದ್ದಾರೆ.