ಮೊಲದ ಕಿವಿ ಮತ್ತು ನಮ್ಮ ಆಯಿಯ ಕಣ್ಣು

(1/4)
ದೋಸ್ತರೇ, ಹೋದ ಸರಣಿಯಲ್ಲಿ ಕಲ್ಯಾಣದ ಕೋಟೆ ಸುತ್ತಿದ್ವಿ. ಈ ಸಲ ಕೋಟೆ ಇಲ್ಲ, ಕಣ್ಣು. ಬಿಕಾಂ ಹುಡುಗನಿಗೆ ಕಣ್ಣಿನ ಉಸಾಬರಿ ಯಾಕೆ ಅಂತೀರಾ? ಕಾರಣ ಹುಮನಾಬಾದ್‌ನಲ್ಲಿರೋ ನಮ್ಮ ಆಯಿ.

ಹೋದ ವರ್ಷ ಆಯಿಗೆ ಹಣೆ ಮೇಲೆ, ಎಡಗಣ್ಣಿನ ಸುತ್ತ ಸರ್ಪಸುತ್ತು ಎದ್ದಿತ್ತು. ಎಲ್ಲರ ಮನೆಯಂತೆ ನಾವೂ ಕೆಮ್ಮಣ್ಣು ಹಚ್ಚಿದ್ವಿ. ಗುಳ್ಳೆ ಒಣಗಿದವು. ತಿಂಗಳಾದ ಮೇಲೆ ಬಸವಕಲ್ಯಾಣದಿಂದ ಬಸ್ ಹತ್ತಿ ನೋಡೋಕೆ ಹೋದರೆ ಕಣ್ಣು ಕೆಂಪು, ಕಪ್ಪುಗುಡ್ಡೆ ಮೇಲೆ ಮಸುಕು. "ನೋವೇ ಇಲ್ಲ ತಮ್ಮಾ, ಕೆಂಪಾಗ್ಯದ ಅಷ್ಟೇ" ಅಂದಳು. ನೋವಿಲ್ಲ ಅಂದ್ರೆ ಚಿಂತೆ ಇಲ್ಲ ಅಂತ ನಾನೂ ವಾಪಸ್ ಬಂದೆ. ಮತ್ತೆ ಹತ್ತು ದಿನ ಹಾಗೇ ಹೋದವು. ಆ ಹತ್ತು ದಿನ ನನ್ನ ಖಾತೆಗೇ ಬರೆದುಕೊಂಡಿದ್ದೀನಿ.

ಕೊನೆಗೆ ಕಣ್ಣಿನ ಡಾಕ್ಟರ್ ಹತ್ತಿಯ ಒಂದು ಎಳೆ ತಗೊಂಡು ಬಲಗಣ್ಣಿಗೆ ಮುಟ್ಟಿಸಿದರು. ಎರಡೂ ರೆಪ್ಪೆ ಪಟ್ ಅಂತ ಮುಚ್ಚಿದವು. ಎಡಗಣ್ಣಿಗೆ ಮುಟ್ಟಿಸಿದರು. ಆಯಿ ಸುಮ್ಮನೆ ಕೂತಿದ್ದಳು. ರೆಪ್ಪೆ ಅಲ್ಲಾಡಲಿಲ್ಲ.

(2/4)
ಕಣ್ಣಿನ ಮುಂದಿರೋ ಗಾಜಿನಂಥ ಪದರಕ್ಕೆ ಕಾರ್ನಿಯಾ ಅಂತಾರೆ. ಅದರಲ್ಲಿ ರಕ್ತನಾಳ ಇಲ್ಲ, ಇದ್ದರೆ ಬೆಳಕು ಒಳಗೆ ಹೋಗೋದು ಹೇಗೆ? ಆದರೆ ನರದ ತುದಿಗಳು ಮಾತ್ರ ಚರ್ಮಕ್ಕಿಂತ ನೂರಾರು ಪಟ್ಟು ದಟ್ಟವಾಗಿವೆ. ತೊಗರಿ ರಾಶಿ ಮಾಡುವಾಗ ಒಂದು ಕಣ ಹೊಟ್ಟು ಬಿದ್ದರೂ ಜೀವ ಹೋದಂಗ ಆಗೋದು ಅದಕ್ಕೇ. ಆ ನರ ಮಿದುಳಿಗೆ ಸುದ್ದಿ ಮುಟ್ಟಿಸಿದ ಕೂಡಲೇ ರೆಪ್ಪೆ ಮುಚ್ಚುತ್ತದೆ, ನೀರು ಸುರಿಯುತ್ತದೆ. ಆ ಕಣ್ಣೀರಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಲೈಸೊಜೈಮ್ ಇರುತ್ತೆ. 1922ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದವನು ಅಲೆಕ್ಸಾಂಡರ್ ಫ್ಲೆಮಿಂಗ್, ಮುಂದೆ ಪೆನ್ಸಿಲಿನ್ ಕಂಡುಹಿಡಿದವನೇ.

ಕಣ್ಣು ಕೆಂಪಾಗೋದೂ ಕಾವಲೇ. ಬಿಳಿ ಭಾಗದ ರಕ್ತನಾಳಗಳು ಅಗಲವಾಗಿ ಬಿಳಿ ರಕ್ತಕಣಗಳು ಓಡಿ ಬರುತ್ತವೆ. ಇದೇ ಉರಿಯೂತ. ಸ್ವಲ್ಪ ಇದ್ದರೆ ಕಾಯುತ್ತದೆ. ಬಹಳ ದಿನ ನಿಂತರೆ ಅದೇ ಕಲೆ ಮಾಡಿಬಿಡುತ್ತದೆ, ನಮ್ಮ ಕಡೆ "ಕಣ್ಣಿಗೆ ಹೂ ಬಿದ್ದದ" ಅಂತಾರಲ್ಲ, ಹಾಗೆ.

(3/4)
ಈಗ ಇತಿಹಾಸಕ್ಕೆ ಬರೋಣ. 1824ರಲ್ಲಿ ಫ್ರಾನ್ಸ್‌ನ ಫ್ರಾಂಸ್ವಾ ಮಜಾಂಡಿ ಪ್ರಾಣಿಗಳಲ್ಲಿ ಮುಖದ ಸ್ಪರ್ಶದ ನರ, ಅಂದರೆ ಟ್ರೈಜೆಮಿನಲ್ ನರವನ್ನು ಕತ್ತರಿಸಿ ನೋಡಿದ. ಸ್ವಲ್ಪ ದಿನದಲ್ಲೇ ಕಾರ್ನಿಯಾ ಬೆಳ್ಳಗಾಗಿ ಹುಣ್ಣಾಯಿತು. ಯಾರೂ ಕಣ್ಣಿಗೆ ಏನೂ ಮಾಡಿರಲಿಲ್ಲ! ಹಾಗಾದರೆ ನರ ಕಣ್ಣಿಗೆ ಊಟ ಕೊಡುತ್ತದೆ, ಊಟ ನಿಂತಿದ್ದಕ್ಕೆ ಕಣ್ಣು ಕೆಟ್ಟಿತು ಅನ್ನೋ ವಾದ ಹುಟ್ಟಿತು.

1857ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ 23ರ ಹುಡುಗನೊಬ್ಬ (ನಮಗಿಂತ ಮೂರೇ ವರ್ಷ ದೊಡ್ಡವ!) ನರ ಮತ್ತು ಉರಿಯೂತದ ಸಂಬಂಧದ ಮೇಲೇ ಪ್ರಬಂಧ ಬರೆದ. ಮೊಲದ ನರ ಕತ್ತರಿಸಿ, ಆ ಮರಗಟ್ಟಿದ ಕಣ್ಣಿನ ಮುಂದೆ ಮೊಲದ ಕಿವಿಯನ್ನೇ ಮಡಚಿ ಹೊಲಿದುಬಿಟ್ಟ. ಕಿವಿಗೆ ಸ್ಪರ್ಶ ಗೊತ್ತಾಗುತ್ತಿತ್ತು, ಮೊಲ ಅದನ್ನು ಜೋಪಾನ ಮಾಡಿತು. ಹೊಲಿಗೆ ಇದ್ದಾಗ ಕಣ್ಣು ಮೊದಲಿನಂತೆ ಕೆಡಲಿಲ್ಲ. ಅವನ ತೀರ್ಮಾನ: ನರ ಊಟ ಕೊಡೋದಲ್ಲ, ಕಾವಲು ಕಾಯೋದು. ಕಾವಲುಗಾರ ಇಲ್ಲದ ಕಣ್ಣಿಗೆ ಧೂಳು, ಪೆಟ್ಟು ಬಿದ್ದರೂ ತಿಳಿಯೋದಿಲ್ಲ.

ಅವನ ಹೆಸರು ಹರ್ಮನ್ ಸ್ನೆಲೆನ್. ಹೌದು, ಕನ್ನಡಕದ ಅಂಗಡಿಯಲ್ಲಿ ಮೇಲಿಂದ ಕೆಳಕ್ಕೆ ಸಣ್ಣದಾಗುತ್ತಾ ಹೋಗೋ ಅಕ್ಷರದ ಹಲಗೆ ಇರುತ್ತಲ್ಲ, 1862ರಲ್ಲಿ ಅದನ್ನು ಕೊಟ್ಟವನೂ ಇವನೇ. ಹಲಗೆ ಎಲ್ಲರಿಗೂ ಗೊತ್ತು, ಮೊಲ ಯಾರಿಗೂ ಗೊತ್ತಿಲ್ಲ.

ನನ್ನ ಪ್ರಕಾರ ಇಬ್ಬರದೂ ಅರ್ಧರ್ಧ ಸರಿ. ಕಾರ್ನಿಯಾದ ನರದ ತುದಿಗಳು ಕೆಲವು ರಸ ಬಿಡುತ್ತವೆ. ಕೆಲವು ಉರಿಯೂತವನ್ನು ಕರೆಯುತ್ತವೆ, ಕೆಲವು ಮೇಲ್ಪದರ ಹೊಸದಾಗಿ ಬೆಳೆಯೋಕೆ ನೆರವಾಗುತ್ತವೆ. ನರವನ್ನೇ ಬೆಳೆಸುವ ಪ್ರೋಟೀನ್ ಪತ್ತೆ ಮಾಡಿದ ಇಟಲಿಯ ರೀಟಾ ಲೆವಿ-ಮಾಂಟಲ್ಚಿನಿಗೆ 1986ರಲ್ಲಿ ನೊಬೆಲ್ ಬಂತು. ಅದೇ ಪ್ರೋಟೀನಿನ ಕಣ್ಣಿನ ಹನಿ, ಸೆನೆಗರ್ಮಿನ್, 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಬೆಲೆ ಮಾತ್ರ ನಮ್ಮಂಥವರ ಕೈಗೆ ಎಟುಕೋದಲ್ಲ.

(4/4)
ನೀವು ಕೇಳೋದು ಗೊತ್ತು: 2021ರ ಅಕ್ಟೋಬರ್ 29ಕ್ಕೆ ನಮ್ಮ ಅಪ್ಪು ಹೋದಾಗ ಅವರ ಎರಡು ಕಣ್ಣಿಂದ ನಾಲ್ವರಿಗೆ ಬೆಳಕು ಬಂತಲ್ಲ, ಆಯಿಗೂ ಹೊಸ ಕಾರ್ನಿಯಾ ಹಾಕಿಸಬಾರದಾ? ನಾನೂ ಇದನ್ನೇ ಕೇಳಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಆಗ ಒಂದೊಂದು ಕಾರ್ನಿಯಾವನ್ನೂ ಮೇಲಿನ ಪದರ, ಒಳಪದರ ಅಂತ ಬಿಡಿಸಿ ಇಬ್ಬಿಬ್ಬರಿಗೆ ಹಾಕಿದ್ದರು. ಆದರೆ ಆಯಿಯ ಕಣ್ಣಲ್ಲಿ ಸತ್ತಿರೋದು ನರ. ಅಂಥ ಕಣ್ಣಿಗೆ ಹೊಸ ಗಾಜು ಕೂರಿಸಿದರೂ ಅದೂ ಹುಣ್ಣಾಗುವ ಭಯ ಜಾಸ್ತಿ.

ಹಾಗಾಗಿ ಡಾಕ್ಟರ್ ಆಯಿಯ ಎಡಗಣ್ಣಿನ ರೆಪ್ಪೆಗಳನ್ನು ಅಂಚಿನಲ್ಲಿ ಅರ್ಧ ಹೊಲಿದರು. ಮೊಲದ ಕಿವಿ ಓದಿದ್ದು ಅದಾದ ಮೇಲೆ. ಓದುತ್ತಾ ಮೈ ಜುಮ್ ಅಂತು. ಹುಣ್ಣು ಮಾಯಿತು, ಹೂ ಉಳಿಯಿತು.

ಜನವರಿಯಲ್ಲಿ ಹುಮನಾಬಾದ್ ವೀರಭದ್ರೇಶ್ವರ ಜಾತ್ರೆಗೆ ಹೋದಾಗ ಓಣಿಯವರು ಕಣ್ಣಿಗೆ ಏನಾಯ್ತು ಅಂತ ಕೇಳಿದರು. "ಅರ್ಧ ಬಾಗಿಲು ಹಾಕ್ಯಾರವ್ವ, ಧೂಳು ಬರ್ತದಂತ" ಅಂದಳು ಆಯಿ. ನನ್ನ ಕೈ ಹಿಡಿದು ತೇರಿನ ಕಡೆ ಎಳೆದಳು.

#ಹುಮನಾಬಾದ್ #ಬಸವಕಲ್ಯಾಣ #ನಮ್ಮಆಯಿ